ಅಟ್ಟಕ್ಕೆ ಹಾಕಿದ ಪುಸ್ತಕ

ಕಥೆ ಓದಿ ಅಳುವವರನ್ನು ಕಂಡು ನಗುವವರ ಜೊತೆ ನನಗೆ ಎಂದೂ ಆಗಿಬಂದಿಲ್ಲ. ಈ ಸಲ ಸಂಕ್ರಾಂತಿಯ ಹಿಂದಿನ ದಿನವೂ ಅದೇ ಆಯಿತು. ಎಳ್ಳು ಬೀರುವುದಕ್ಕೆಂದು ಅಡುಗೆಮನೆಯಲ್ಲಿ ಕೊಬ್ಬರಿ ಹೆಚ್ಚುತ್ತ ಕೂತಿದ್ದೆ. ಊರಿಂದ ಬಂದ ಚೀಲ ಬಿಚ್ಚಿದ್ದೇ ತಡ, ಮನೆಯೆಲ್ಲ ಉಂಡೆ ಕೊಬ್ಬರಿಯ ವಾಸನೆ ತುಂಬಿಕೊಂಡಿತ್ತು. ಹಜಾರದಲ್ಲಿ ನನ್ನ ಮಗಳು ಒಂದು ಕಾದಂಬರಿ ಹಿಡಿದು ಮೂಗು ಒರೆಸಿಕೊಳ್ಳುತ್ತಿದ್ದಳು. ಹಬ್ಬಕ್ಕೆ ಬಂದಿದ್ದ ನನ್ನ ನಾದಿನಿ ಅದನ್ನು ನೋಡಿ, “ಅಯ್ಯೋ, ಬರೀ ಕಥೆ ಕಣೇ ಅದು! ಇಲ್ಲದೋರಿಗೋಸ್ಕರ ಯಾಕೆ ಅಳ್ತೀಯಾ?” ಎಂದು ನಕ್ಕಳು. ಮಗಳು ನಾಚಿಕೊಂಡು ಪುಸ್ತಕವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. ಹಾಗೆ ಮುಚ್ಚಿಟ್ಟುಕೊಂಡದ್ದು ನೋಡಿ ನನಗೆ ರೇಗಿತು.

“ತೆಗಿ ಅದನ್ನ ಈಚೆಗೆ. ಓದು. ಅಳು ಬಂದ್ರೆ ಜೋರಾಗಿ ಅಳು, ನಾನಿದ್ದೀನಿ” ಎಂದೆ. ನಾದಿನಿ ಮುಖ ಊದಿಸಿಕೊಂಡಳು. ಊದಿಸಿಕೊಳ್ಳಲಿ. ಇಲ್ಲದ ಒಬ್ಬ ಹೆಂಗಸಿಗಾಗಿ ನಮ್ಮ ಮನೆಯಲ್ಲಿ ಒಂದು ಇಡೀ ಚಳಿಗಾಲ ಅತ್ತಿದ್ದೇವೆ, ಜಗಳವಾಡಿದ್ದೇವೆ, ದೇವರಿಗೆ ಅರ್ಚನೆ ಮಾಡಿಸಿದ್ದೇವೆ. ಆ ಇಲ್ಲದವಳಿಂದಾಗಿ, ಇರುವ ಒಬ್ಬಳು ಉಳಿದುಕೊಂಡಳು. ಆ ಚೀಲದ ಕೊಬ್ಬರಿ ಕಳಿಸಿದವಳು ಅವಳೇ, ನನ್ನ ಅಪ್ಪನ ತಂಗಿ ರತ್ನತ್ತೆ.

ತೊಂಬತ್ತರ ದಶಕದ ನಡುವಿನ ಮಾತು. ನೊಣವಿನಕೆರೆಯಲ್ಲಿ ಬಸ್ಸಿಳಿದು ತೋಟಗಳ ಸಾಲಿನಲ್ಲಿ ಒಳಕ್ಕೆ ನಡೆದರೆ ನಮ್ಮೂರು. ನಾನು ತಿಪಟೂರಿನಲ್ಲಿ ಎರಡನೇ ಪಿಯುಸಿ ಓದಿ, ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದು, ಮತ್ತೆ ಪರೀಕ್ಷೆ ಕಟ್ಟಿ ಮನೆಯಲ್ಲಿದ್ದೆ. ರತ್ನತ್ತೆಯನ್ನು ಚಿಕ್ಕನಾಯಕನಹಳ್ಳಿ ಕಡೆಗೆ ಕೊಟ್ಟಿತ್ತು. ಆ ವರ್ಷ ಗೌರಿ ಹಬ್ಬಕ್ಕೆ ತವರಿಗೆ ಬಂದವಳು ವಾಪಸ್ ಹೋಗಲಿಲ್ಲ. ಹಬ್ಬ ಕಳೆಯಿತು, ಪಿತೃಪಕ್ಷ ಕಳೆಯಿತು, ದೀಪಾವಳಿಯೂ ಆಯಿತು. ಯಾಕೆ ಹೋಗುವುದಿಲ್ಲ ಎಂದರೆ “ನಾನು ಹೋಗಲ್ಲ” ಅನ್ನುವುದೊಂದೇ ಉತ್ತರ. ಬೇರೆ ಏನೂ ಬಾಯಿಬಿಡಳು.

ಊರಿನವರು ಕೇಳಿ ಕೇಳಿ ಅಪ್ಪನ ತಲೆ ಕೆಟ್ಟಿತ್ತು. ಅಜ್ಜಿಯೂ ಅವಳ ಕಡೆ ಇರಲಿಲ್ಲ. “ಗಂಡನ ಮನೆ ಅಂದ್ಮೇಲೆ ಒಂದು ಮಾತು ಬತ್ತದೆ, ಒಂದು ಹೋಯ್ತದೆ. ಹೊಂದ್ಕಂಡು ಹೋಗ್ಬೇಕು ಕಣೇ ರತ್ನಿ. ನಾನು ನಿಮ್ಮಪ್ಪನ ಜೊತೆ ಬಾಳ್ವೆ ಮಾಡ್ಲಿಲ್ವಾ?” ಎಂದು ದಿನಾ ಬೆಳಿಗ್ಗೆ ಒಂದು ಸಲ ಹೇಳುತ್ತಿದ್ದಳು. ಸಂಕ್ರಾಂತಿ ಕಳೆದ ಮೇಲೆ ಗಂಡನ ಕಡೆಯವರು ಬಂದು ಮಾತಾಡಿ ಕರೆದುಕೊಂಡು ಹೋಗಲಿ ಎಂದು ಅಪ್ಪ ಹೇಳಿಕಳಿಸಿಯೂ ಆಗಿತ್ತು. ಅತ್ತೆ ಅದನ್ನು ಕೇಳಿಸಿಕೊಂಡು, ಸೆರಗು ಸಿಕ್ಕಿಸಿಕೊಂಡು ಕೊಬ್ಬರಿ ಕೆಲಸಕ್ಕೆ ಕೂತಳು.

ನಮ್ಮ ಕಡೆಯ ಕೊಬ್ಬರಿ ಅವಸರದವರಿಗೆ ಒಲಿಯುವುದಲ್ಲ. ಕಿತ್ತ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿದರೆ ಹೆಚ್ಚುಕಮ್ಮಿ ಒಂದು ವರ್ಷ ಅಲ್ಲೇ ಬಿದ್ದಿರಬೇಕು. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪಿನಿಂದ ತಾನಾಗಿ ಬಿಡಬೇಕು. ಇಳಿಸಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ಒಳಗೆ ಉಂಡೆ ಲೊಟಲೊಟ ಎಂದರೆ ಬಲಿತಿದೆ. ನೀರಿನ ಸದ್ದು ಬಂದರೆ ಮತ್ತೆ ಅಟ್ಟಕ್ಕೆ. ಆ ಚಳಿಗಾಲದಲ್ಲಿ ಕಾಯಿ ಆರಿಸುವವಳು ರತ್ನತ್ತೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಯ ಮೇಲೆ ಸಿಪ್ಪೆ ಸುಲಿಯುವವನು ಅಪ್ಪ. ಮಚ್ಚಿನ ಬೆನ್ನಿನಿಂದ ತಟ್ಟಿ ಚಿಪ್ಪು ಬಿಡಿಸಿ ಉಂಡೆ ತೆಗೆಯುವವರು ಅಜ್ಜಿ ಮತ್ತು ಪಕ್ಕದ ಮನೆಯ ಲಕ್ಷ್ಮಕ್ಕ. ಉಂಡೆ ಒಡೆಯಬಾರದು, ಒಡೆದರೆ ಅದು ಹೋಳು, ಹೋಳನ್ನು ಮಂಡಿಯ ವ್ಯಾಪಾರಿಗಳು ಆದರಿಸುವುದಿಲ್ಲ. ನನ್ನ ಕೈಗೆ ಮಚ್ಚು ಕೊಟ್ಟರೆ ಬರೀ ಹೋಳೇ ಆಗುತ್ತಿದ್ದವು. ಅಜ್ಜಿ ಒಂದು ಬೆಳಿಗ್ಗೆ ಸಹಿಸಿದಳು, ಮಧ್ಯಾಹ್ನ ಮಚ್ಚು ಕಿತ್ತುಕೊಂಡಳು. “ಬುಡು ತಾಯಿ, ನೀನು ಮಾಡಿದ್ದು ಸಾಕು ಮಂಜಿ. ಯಾವುದೋ ಬುಕ್ಕು ಹಿಡ್ಕಂಡು ಮೂಲೇಲಿ ಕೂತಿರ್ತೀಯಲ್ಲ, ಅದನ್ನೇ ನಮಗೂ ಕೇಳಂಗೆ ಓದು” ಎಂದಳು.

ಪುಸ್ತಕ ತಿಪಟೂರಿನ ಬಾಷಾ ಸಾಬರ ಅಂಗಡಿಯದು. ಸಾಬರು ದರ್ಜಿ. ಬಟ್ಟೆ ಹೊಲಿಯಲು ಕೊಟ್ಟು ಕಾಯುವ ಹೆಂಗಸರಿಗೆ ಇರಲಿ ಎಂದು ಒಂದು ಕಪಾಟು ಹಳೆಯ ಕಾದಂಬರಿ ಇಟ್ಟಿದ್ದರು. ಗುರುತಿನವರಿಗೆ ಮನೆಗೂ ಕೊಡುತ್ತಿದ್ದರು. ನಾನು ತಂದದ್ದಕ್ಕೆ ರಟ್ಟು ಹೋಗಿತ್ತು, ಮೊದಲ ಹಾಳೆಯೂ ಇರಲಿಲ್ಲ. ಸಾಬರು ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಹೊರಗೆ ಹಾಕಿ, ಹೊಲಿಗೆ ಮಿಷನ್ನಿನಲ್ಲೇ ಹೊಲಿದುಕೊಟ್ಟಿದ್ದರು. ಹೀಗಾಗಿ ಆ ಕಾದಂಬರಿಯ ಹೆಸರೇನು, ಬರೆದವರು ಯಾರು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾದರೆ ಅವರ ಜೊತೆ ಒಂದು ಜಗಳ ಬಾಕಿ ಇದೆ.

ಕಥೆಯ ಹೆಣ್ಣಿನ ಹೆಸರು ನಳಿನಿ. ಪೇಟೆಯ ದೊಡ್ಡ ಮನೆ, ವಕೀಲ ಗಂಡ. ಹೊರಗೆ ಎಲ್ಲರ ಬಾಯಲ್ಲೂ ಒಳ್ಳೆಯವನು, ಒಳಗೆ ಬಂದರೆ ಬೇರೆ. ಅವಳಿಗೆ ಅಂತ ಇದ್ದದ್ದು ತಾರಸಿಯ ಮೇಲೆ ಒಡೆದ ಕುಂಡದಲ್ಲಿ ಬೆಳೆಸಿದ್ದ ಒಂದು ಮಲ್ಲಿಗೆ ಗಿಡ.

ಮೊದಲ ದಿನ ಅಜ್ಜಿ, ಲಕ್ಷ್ಮಕ್ಕ ಅರ್ಧ ಕಿವಿಯಲ್ಲಿ ಕೇಳಿದರು. ಮಾರನೆಯ ದಿನ ಲಕ್ಷ್ಮಕ್ಕ ಬರುತ್ತಲೇ, “ಗಿಡಕ್ಕೆ ನೀರು ಹಾಕಿದ್ಲಾ?” ಎಂದು ಕೇಳಿದಳು. ನಾನು ಅವರ ಮನೆಯ ಯಾವುದೋ ಗಿಡ ಎಂದುಕೊಂಡೆ. “ಅಲ್ಲ ಕಣೇ, ನಳಿನಿ. ನೆನ್ನೆ ಜ್ವರ ಅಂತ ಮಲಗಿದ್ಲಲ್ಲ!” ಮೂರನೆಯ ದಿನ ಊಟದ ಹೊತ್ತಾಗಿ ಅಮ್ಮ ಮುದ್ದೆ ಕಟ್ಟಿ ಕರೆದರೂ ಅಜ್ಜಿ ಏಳಲಿಲ್ಲ. “ಅವಳು ಬೆಳಿಗ್ಗೆಯಿಂದ ಬಾಯಿಗೆ ಏನೂ ಹಾಕ್ಕಂಡಿಲ್ಲ. ಇನ್ನೆರಡು ಹಾಳೆ ಓದು, ಊಟ ಮಾಡ್ತಾಳಾ ನೋಡಾನ” ಎಂದಳು. ನಾಲ್ಕು ಹಾಳೆ ಓದಿದರೂ ನಳಿನಿ ಊಟ ಮಾಡಲಿಲ್ಲ. ಕಾದಂಬರಿ ಬರೆಯುವವರು ಇಂಥದ್ದೆಲ್ಲ ಮರೆತುಬಿಡುತ್ತಾರೆ. ಕೊನೆಗೆ ನಾನೇ, “ಆಮೇಲೆ ನಳಿನಿ ಅನ್ನ ಸಾರು ಉಂಡಳು” ಎಂದು ಸೇರಿಸಿ ಓದಿದೆ. ಅಜ್ಜಿ ಕೈ ತೊಳೆಯಲು ಎದ್ದಳು.

ಅಪ್ಪ ಸಿಪ್ಪೆ ಸುಲಿಯುತ್ತ ಗೇಲಿ ಮಾಡುತ್ತಿದ್ದ. “ಏನವ್ವ, ನಿನ್ನ ಮಗಳು ವಕೀಲನ ಹೆಂಡ್ತಿ ಇವತ್ತು ಏನು ಮಾಡಿದ್ಲಂತೆ?” ಆದರೆ ನಾನು ದನಿ ತಗ್ಗಿಸಿದಾಗಲೆಲ್ಲ ಸಿಪ್ಪೆ ಸೀಳುವ ಸದ್ದೂ ನಿಲ್ಲುತ್ತಿತ್ತು. ಅಪ್ಪನೂ ಕೇಳುತ್ತಿದ್ದ. ಗಂಡಸು, ಒಪ್ಪಿಕೊಳ್ಳಲು ಮರ್ಯಾದೆ ಅಡ್ಡ ಬರುತ್ತಿತ್ತು.

ರತ್ನತ್ತೆ ಮಾತ್ರ ಏನೂ ಅನ್ನುತ್ತಿರಲಿಲ್ಲ. ಕಾಯಿ ಎತ್ತುವುದು, ಕಿವಿಗೆ ಹಿಡಿಯುವುದು, ಈ ಕಡೆಯ ರಾಶಿಗೋ ಆ ಕಡೆಯ ರಾಶಿಗೋ ಎಸೆಯುವುದು. ಅವಳಿಗೆ ಕಥೆ ರುಚಿಸಿಲ್ಲ ಎಂದೇ ನಾನು ತಿಳಿದಿದ್ದೆ.

ಒಂದು ಬೆಳಿಗ್ಗೆ ಮಂಜು ಇನ್ನೂ ತೋಟದ ಮೇಲೆ ಕೂತಿತ್ತು. ಅಂದು ಓದಿದ ಅಧ್ಯಾಯದಲ್ಲಿ ವಕೀಲ ಮಲ್ಲಿಗೆ ಕುಂಡವನ್ನು ಒದ್ದು ಉರುಳಿಸಿ, ನಳಿನಿಯ ಮುಖಕ್ಕೆ ಹೊಡೆದ. ಅವಳ ಕೆನ್ನೆಯಲ್ಲಿ ಗುಲಾಬಿ ಅರಳಿದಂತೆ ಕೆಂಪು ಮೂಡಿತು, ಅವಳು ತುಟಿ ಕಚ್ಚಿ ಕಿಟಕಿಯಾಚೆಯ ಚಂದ್ರನನ್ನು ನೋಡುತ್ತ ನಿಂತಳು ಎಂದು ಬರೆದಿತ್ತು. ಲಕ್ಷ್ಮಕ್ಕ ಆಗಲೇ ವಕೀಲನ ವಂಶವನ್ನೆಲ್ಲ ಎತ್ತಿ ಬೈಯುತ್ತಿದ್ದಳು.

“ಹಂಗಾಗಲ್ಲ” ಎಂದಳು ರತ್ನತ್ತೆ.

ಎಲ್ಲರೂ ಅವಳನ್ನು ನೋಡಿದೆವು. ಅವಳು ಕೈಯಲ್ಲಿದ್ದ ಕಾಯನ್ನೇ ನೋಡುತ್ತಿದ್ದಳು.

“ಗುಲಾಬಿಯಂತೆ, ಗುಲಾಬಿ! ಏಟು ಕಿವಿ ಮ್ಯಾಲೆ ಬಿದ್ರೆ ಮೊದ್ಲು ಏನೂ ಕೇಳ್ಸಲ್ಲ. ಆಮೇಲೆ ಒಳಗೆ ಜೀರುಂಡೆ ಕೂತಂಗೆ ಗುಂಯ್ ಅಂತೈತೆ. ನೀರು ಸೋರ್ತೈತೆ. ನಿಂತ್ರೆ ತಲೆ ತಿರುಗ್ತೈತೆ, ಚಂದ್ರನ್ನ ಯಾವಳು ನೋಡ್ತಾಳೆ? ಸ್ವಲ್ಪ ದಿನ ಆದ್ಮೇಲೆ ಗುಂಯ್ ಅನ್ನೋದೂ ನಿಂತೋಯ್ತದೆ. ಇದು ಬರೆದೋರಿಗೆ ಗೊತ್ತಿಲ್ಲ.”

ಅಜ್ಜಿಯ ಮಚ್ಚು ಎತ್ತಿದ ಕೈಯಲ್ಲೇ ನಿಂತಿತು. “ಯಾವ ಕಿವಿ ರತ್ನಿ?”

“ಎಡಗಿವಿ.”

ಆಗ ನನಗೆ ಹೊಳೆಯಿತು. ಇಷ್ಟು ದಿನ ಅವಳು ಪ್ರತಿ ಕಾಯನ್ನೂ ಬಲಗಿವಿಗೇ ಹಿಡಿಯುತ್ತಿದ್ದಳು. ಎಡಗೈಯಲ್ಲಿ ಎತ್ತಿದ ಕಾಯನ್ನೂ ಬಲಗೈಗೆ ದಾಟಿಸಿ, ಬಲಕ್ಕೆ ಕತ್ತು ವಾಲಿಸಿ ಅಲ್ಲಾಡಿಸುತ್ತಿದ್ದಳು. ಅಷ್ಟು ದಿನ ಎದುರಿಗೇ ಕೂತಿದ್ದರೂ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ನಾವು ಎಡಗಡೆಯಿಂದ ಕೂಗಿದಾಗ ತಿರುಗದಿದ್ದರೆ “ಕೊಬ್ಬು ನೋಡು” ಎಂದುಕೊಂಡಿದ್ದೆವು.

“ನಂಗ್ಯಾಕೆ ಹೇಳ್ಲಿಲ್ಲ?” ಎಂದಳು ಅಜ್ಜಿ.

“ಹೇಳಕ್ಕೆ ಬಾಯೇ ಬರ್ಲಿಲ್ಲ ಕಣವ್ವ. ಈಗ ಅವಳದ್ದು ತಪ್ಪಾಗಿ ಬರೆದವ್ರಲ್ಲ, ಅದಕ್ಕೇ ತಡಿಯಕ್ಕಾಗ್ಲಿಲ್ಲ.”

ಅಜ್ಜಿ ಮಚ್ಚು ಇಳಿಸಿದಳು. ಉಂಡೆ ಒಡೆದು ಎರಡು ಹೋಳಾಯಿತು. ಅಜ್ಜಿಯ ಕೈಯಲ್ಲಿ ಕೊಬ್ಬರಿ ಒಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಳು ಹೋಳುಗಳನ್ನು ಪಕ್ಕಕ್ಕಿಟ್ಟು, “ಮುಂದಕ್ಕೆ ಓದು ಮಂಜಿ” ಎಂದಳು. ಆ ಕಡೆ ಅಪ್ಪ ನಮಗೆ ಬೆನ್ನು ಹಾಕಿ ನಿಂತಿದ್ದ, ಸಿಪ್ಪೆಯ ಸದ್ದು ಬಹಳ ಹೊತ್ತು ಬರಲಿಲ್ಲ. ಆ ದಿನದಿಂದ ಅಜ್ಜಿಯ ಬೆಳಗಿನ ಬುದ್ಧಿಮಾತು ನಿಂತುಹೋಯಿತು.

ಅಲ್ಲಿಂದ ಮುಂದೆ ಓದುವುದೆಂದರೆ ಬರೀ ಓದುವುದಾಗಿ ಉಳಿಯಲಿಲ್ಲ. ರತ್ನತ್ತೆ ನಡುನಡುವೆ ತಿದ್ದುತ್ತಿದ್ದಳು. ನಳಿನಿಗೆ ಹೀಗೆ ಅನ್ನಿಸಿರುವುದಿಲ್ಲ, ಹೀಗೆ ಅನ್ನಿಸಿರುತ್ತದೆ ಎನ್ನುತ್ತಿದ್ದಳು. ಹೀಗೆ ತಿದ್ದುತ್ತ ತಿದ್ದುತ್ತ ಗಂಡನ ಮನೆಯ ತನ್ನ ಆರು ವರ್ಷದ ಬಾಳನ್ನೆಲ್ಲ ನಮ್ಮ ಮುಂದೆ ಬಿಚ್ಚಿಟ್ಟಳು. ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಸೌಟು ಹಿಡಿದು ನಿಂತಿರುತ್ತಿದ್ದಳು, ಸಾರು ತಳ ಹತ್ತುತ್ತಿತ್ತು. ಎಲ್ಲರ ಕೈಯೂ ಕೊಬ್ಬರಿಯ ಎಣ್ಣೆ. ಪುಸ್ತಕವನ್ನು ಕಿತ್ತುಕೊಂಡು ನೋಡಿದಲ್ಲೆಲ್ಲ ಹಾಳೆಯ ಮೇಲೆ ಬೆರಳಿನ ಗುರುತು ಬಿದ್ದು, ಆ ಜಾಗದಲ್ಲಿ ಹಿಂದಿನ ಪುಟದ ಅಕ್ಷರಗಳೂ ಕಾಣುತ್ತಿದ್ದವು.

ಧನುರ್ಮಾಸದಲ್ಲಿ ಮೊದಲ ಭಾಗ ಮುಗಿಯಿತು. ನಳಿನಿ ಬೆಳಗಿನ ಜಾವ ಉಟ್ಟ ಸೀರೆಯಲ್ಲೇ ಮನೆ ಬಿಟ್ಟು ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಬಂದು ಕೂತಳು. ದೂರದಲ್ಲಿ ಸಿಳ್ಳೆ ಕೇಳಿಸಿತು. ಅಷ್ಟಕ್ಕೇ ನಿಂತಿತ್ತು. ಎರಡನೇ ಭಾಗಕ್ಕೆ ತಿಪಟೂರಿಗೆ ಓಡಿದೆ.

ಬಾಷಾ ಸಾಬರು ಕತ್ತಿಗೆ ಟೇಪು ಹಾಕಿಕೊಂಡು ತಲೆಯಾಡಿಸಿದರು. “ಅರೆ, ಅದು ಆಸ್ಪತ್ರೆ ನರ್ಸಮ್ಮ ತಗಂಡೋಗವ್ರೆ. ಬರೋ ವಾರ ಸಿಗ್ತದೆ. ಅಷ್ಟು ಅರ್ಜೆಂಟಾ?”

“ನಮ್ಮಜ್ಜಿ ಅನ್ನ ಬಿಟ್ಟವ್ರೆ” ಎಂದೆ.

“ನಮ್ಮ ಮನೆಯವ್ರೂ ಹಿಂಗೇ ಮಾಡಿದ್ರು” ಎಂದು ಸಾಬರು ನಿಟ್ಟುಸಿರುಬಿಟ್ಟರು. “ಅದು ಓದಿ ಮುಗಿಸಿ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ರು. ನಾನೇನಮ್ಮ ಮಾಡಿದ್ದೆ? ಬರೀ ಗಂಡಸಾಗಿದ್ದೆ.”

ಖಾಲಿ ಕೈಯಲ್ಲಿ ಬಂದ ನನ್ನನ್ನು ನೋಡಿ ಅಜ್ಜಿಗೆ ಕಳವಳವಾಯಿತು. “ಬೆಂಚ್ ಮ್ಯಾಲೆ ಕೂತವ್ಳೆ ಕಣೇ, ಈ ಚಳೀಲಿ. ಹೊದ್ಕಣಕ್ಕಾದ್ರೂ ಏನಾದ್ರೂ ತಂದವ್ಳಾ? ಒಂದು ವಾರ ಹಂಗೇ ಕೂತಿರ್ಬೇಕಾ?” ಎಂದಳು. ಕಥೆ ಅಂದರೆ ನಾವು ಓದದಿದ್ದಾಗ ನಿಂತಿರುತ್ತದೆ ಎಂದು ವಿವರಿಸಲು ಹೋದೆ. “ಅದೇ ಹೇಳಿದ್ದು, ನಿಂತೈತೆ. ಅವಳು ಚಳೀಲಿ ಕೂತವ್ಳೆ” ಎಂದಳು.

ಶನಿವಾರ ಬೆಳಿಗ್ಗೆ ಅಜ್ಜಿ ಮಡಿಯುಟ್ಟು, ರತ್ನತ್ತೆಯನ್ನೂ ನನ್ನನ್ನೂ ಹೊರಡಿಸಿಕೊಂಡು ಬಸ್ಸು ಹತ್ತಿದಳು. ಸಂಪಿಗೆಯ ಶ್ರೀನಿವಾಸ ಅವಳು ಕಷ್ಟಕ್ಕೆ ನೆನೆಯುವ ದೇವರು. ಅರ್ಚನೆ ತಟ್ಟೆ ಒಳಗೆ ಕೊಟ್ಟಾಗ ಅರ್ಚಕರು ರೂಢಿಯಂತೆ, “ಯಾರ ಹೆಸರಿನಲ್ಲಿ?” ಎಂದರು.

“ರತ್ನ” ಎಂದಳು ಅಜ್ಜಿ. ಆಮೇಲೆ ಒಂದು ಕ್ಷಣ ತಡೆದು, “ನಳಿನಿ” ಎಂದಳು.

ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು.

“ಹೆಣ್ಣುಮಕ್ಕಳಾ? ಮದುವೆ ಆಗಿದ್ಯಾ? ಗಂಡಂದಿರ ಹೆಸರು, ಗೋತ್ರ ಹೇಳಿ, ಸೇರಿಸೋಣ.”

“ಬ್ಯಾಡ ಸ್ವಾಮಿ. ಅವರಿಬ್ಬರ ಹೆಸರೂ ಎತ್ತಬ್ಯಾಡಿ. ಗೋತ್ರಗೀತ್ರ ನಂಗೊತ್ತಿಲ್ಲ. ನಮ್ಮ ಮನೆ ಹೆಣ್ಣುಮಕ್ಕಳು ಅಂದ್ಕಂಡು ಹೇಳಿ, ಸಾಕು.”

ಅರ್ಚಕರು ಅಜ್ಜಿಯ ಮುಖ ನೋಡಿದರು. ಏನು ಕಂಡರೋ, ಮತ್ತೇನೂ ಕೇಳದೆ ಒಳಗೆ ಹೋಗಿ ಎರಡು ಹೆಸರನ್ನೂ ಸ್ಪಷ್ಟವಾಗಿ ಹೇಳಿ ಅರ್ಚನೆ ಮಾಡಿದರು. ಮಂಗಳಾರತಿಯ ಬೆಳಕಿನಲ್ಲಿ ರತ್ನತ್ತೆ ಅಳುತ್ತಿದ್ದಳು. ತವರಿಗೆ ಬಂದ ಮೇಲೆ ಅವಳು ಅತ್ತದ್ದನ್ನು ನಾನು ಕಂಡಿದ್ದು ಅಂದೇ. ಅಜ್ಜಿ ಪ್ರಸಾದದ ಹೂವನ್ನು ಎರಡು ಪಾಲು ಮಾಡಿ ಒಂದನ್ನು ಮಗಳಿಗೆ ಮುಡಿಸಿ, ಇನ್ನೊಂದನ್ನು ಮನೆಗೆ ತಂದು ಪುಸ್ತಕದ ಒಳಗಿಟ್ಟಳು.

ಎರಡನೇ ಭಾಗ ಬಂತು, ಅದಕ್ಕೂ ರಟ್ಟಾಗಲಿ ಹೆಸರಿನ ಹಾಳೆಯಾಗಲಿ ಇರಲಿಲ್ಲ. ನಳಿನಿ ರೈಲು ಹತ್ತಿ ಗೆಳತಿಯ ಊರಿಗೆ ಹೋಗಿ, ಚಿಕ್ಕ ಮಕ್ಕಳ ಶಾಲೆಯಲ್ಲಿ ಕೆಲಸಕ್ಕೆ ಸೇರಿದಳು. ಬಾಡಿಗೆ ಕೋಣೆಯ ಮುಂದೆ ಮತ್ತೆ ಒಂದು ಮಲ್ಲಿಗೆ ಗಿಡ ನೆಟ್ಟಳು. ಅಷ್ಟೂ ದಿನ ನಮ್ಮ ಅಂಗಳದಲ್ಲಿ ಹಬ್ಬ. ಆ ಕಡೆ ಚಿಗುರು ಬಂತೆಂದರೆ ಈ ಕಡೆ ಲಕ್ಷ್ಮಕ್ಕ ಸೊಗಡವರೆ ಕಾಯಿ ತಂದು ಸುರಿದು, “ಇವತ್ತು ಹಿತಕಬೇಳೆ ಸಾರು ಮಾಡ್ರೇ” ಎನ್ನುತ್ತಿದ್ದಳು. ರತ್ನತ್ತೆ ಕೆಲಸದ ನಡುವೆ ಹಾಡು ಗುನುಗುವುದನ್ನೂ ಕೇಳಿದೆ.

ಆಮೇಲೆ ಕಡೆಯ ಮೂರು ಅಧ್ಯಾಯ. ಹಿರಿಯರು ಬಂದರು, ನಳಿನಿಗೆ ಬುದ್ಧಿ ಹೇಳಿದರು. ಅವಳಿಗೂ ಜ್ಞಾನೋದಯವಾಯಿತು. ಗಂಡನ ಮನೆಗೆ ವಾಪಸ್ ಹೋಗಿ ಅವನ ಕಾಲಿಗೆ ಬಿದ್ದಳು. ಅವನು ಕಣ್ಣೀರಿನೊಂದಿಗೆ ಮೇಲೆತ್ತಿದ. ಮನೆಯಲ್ಲಿ ಮತ್ತೆ ದೀಪ ಬೆಳಗಿತು. ಮುಗಿಯಿತು.

ಓದಿ ತಲೆ ಎತ್ತಿದೆ. ರತ್ನತ್ತೆಯ ಮುಖ ಬಿಳಿಚಿಕೊಂಡಿತ್ತು. ಇನ್ನು ಸಂಕ್ರಾಂತಿಗೆ ನಾಲ್ಕು ದಿನವಿತ್ತು, ಹಬ್ಬ ಕಳೆದರೆ ಅವಳನ್ನು ಕರೆಯಲೂ ಹಿರಿಯರು ಬರುವವರಿದ್ದರು.

“ಆ ಮಲ್ಲಿಗೆ ಗಿಡ?” ಎಂದಳು ಲಕ್ಷ್ಮಕ್ಕ ಸಣ್ಣ ದನಿಯಲ್ಲಿ. “ಅದನ್ನ ಯಾರು ನೋಡ್ಕಂತಾರೆ?”

“ಬರೆದಿಲ್ಲ” ಎಂದೆ.

“ಅವನು ಆಮೇಲೆ ಹೊಡೀಲಿಲ್ವಾ?”

“ಅದೂ ಬರೆದಿಲ್ಲ.”

ಅಜ್ಜಿ ಎದ್ದು ಬಂದು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡಳು. ಹಿಂದೆ ಮುಂದೆ ತಿರುಗಿಸಿದಳು. ಆಮೇಲೆ ಅದನ್ನು ಕಾಯಿಯ ಹಾಗೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ತಮಾಷೆಗಲ್ಲ, ಮುಖ ಗಂಟಿಕ್ಕಿಕೊಂಡೇ ಅಲ್ಲಾಡಿಸಿದಳು.

“ಇನ್ನೂ ನೀರು ಆಡ್ತೈತೆ. ಬಲಿತಿಲ್ಲ ಇದು. ಹಾಕು ಅಟ್ಟಕ್ಕೆ” ಎಂದಳು.

ನಾನು ಏಣಿ ಹತ್ತಿ, ಆ ಎರಡನೇ ಭಾಗವನ್ನು ಬಲಿಯದ ಕಾಯಿಗಳ ನಡುವೆ ಇಟ್ಟು ಬಂದೆ. ಸಾಬರಿಗೆ ಮೊದಲ ಭಾಗ ವಾಪಸ್ ಕೊಟ್ಟು ನಡೆದದ್ದು ಹೇಳಿದೆ. ಅವರು ಹೊಲಿಗೆ ನಿಲ್ಲಿಸಿ ಬಿದ್ದುಬಿದ್ದು ನಕ್ಕರು. ಎಣ್ಣೆಯ ಹಾಳೆಗಳನ್ನು ತಿರುವಿ ನೋಡಿ, “ಅಜ್ಜಿಗೆ ಸಲಾಂ ಹೇಳಮ್ಮ. ಇನ್ನೊಂದು ಅಲ್ಲೇ ಇರ್ಲಿ, ಯಾವಾಗ ಹಣ್ಣಾಗ್ತದೋ ಆವಾಗ ತಂದ್ಕೊಡು” ಎಂದರು.

ಸಂಕ್ರಾಂತಿ ಕಳೆದ ಮೇಲೆ ಅವರು ಬಂದೇ ಬಂದರು. ರತ್ನತ್ತೆಯ ಗಂಡ ಚಂದ್ರಪ್ಪ, ಅವನ ಜೊತೆ ಅವನ ದೊಡ್ಡಪ್ಪ. ದೊಡ್ಡಪ್ಪ ಕೆಟ್ಟ ಮನುಷ್ಯನಲ್ಲ, ಸುತ್ತ ಹತ್ತಾರು ಮನೆಯ ರಾಜಿ ಮಾಡಿಸಿದ ಹಿರಿಯ. ಕಾಯಿ ರಾಶಿಯ ಪಕ್ಕದ ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದೆವು. ಕಾಫಿ ಕುಡಿದು ಅವರು ಮಾತು ತೆಗೆದರು. “ಗಂಡಹೆಂಡ್ತಿ ಜಗಳ ಉಂಡು ಮಲಗೋ ತನ್ಕ ಕಣ್ರೀ. ಇಷ್ಟು ದಿನ ಎಳೆದಿದ್ದು ಸಾಕು. ಹುಡುಗಿಗೆ ಏನು ಕೊರತೆ ಆಗೈತೆ, ಹೇಳ್ಲಿ.”

ಅಜ್ಜಿ ರಾಶಿಯಿಂದ ಒಂದು ಕಾಯಿ ಎತ್ತಿ ಮಗಳಿಗೆ ಕೊಟ್ಟಳು. “ಎಡಗಿವಿಗೆ ಹಿಡ್ದು ಅಲ್ಲಾಡ್ಸು ರತ್ನಿ. ಬಲ್ತೈತಾ?”

ರತ್ನತ್ತೆ ಅಲ್ಲಾಡಿಸಿದಳು. ಉಂಡೆ ಲೊಟಲೊಟ ಎಂದದ್ದು ಜಗಲಿಯ ಮೇಲಿದ್ದ ನಮಗೆಲ್ಲ ಕೇಳಿಸಿತು.

“ಗೊತ್ತಾಗಲ್ಲ ಕಣವ್ವ.”

ಚಂದ್ರಪ್ಪ ನೆಲ ನೋಡಿದ. “ಏನೋ ಕ್ವಾಪದಲ್ಲಿ ಒಂದ್ಸಲ...” ಎಂದು ಗೊಣಗಿದ. ದೊಡ್ಡಪ್ಪನ ಮುಖವೂ ಸಪ್ಪಗಾಯಿತು. ಆದರೂ ರಾಜಿ ಮಾಡಿಸಿ ರೂಢಿಯಾದ ನಾಲಗೆ ಸುಮ್ಮನಿರುತ್ತದೆಯೇ? “ತಪ್ಪೇ ಅದು. ನಾನು ಬುದ್ಧಿ ಹೇಳ್ತೀನಿ. ಆದ್ರೂ ನೋಡ್ರಮ್ಮ, ಹೆಣ್ಣುಮಕ್ಕಳು ವಾಪಸ್ ಹೋದ್ರೆ ಎಲ್ಲ ಸರಿಹೋಯ್ತದೆ. ಹಂಗೆ ಹೋದೋರು ಎಷ್ಟು ಜನ ಸುಖವಾಗಿಲ್ಲ?”

“ನಮ್ಮ ನಳಿನಿನೂ ಹಂಗೇ ಹೋದ್ಲು” ಎಂದಳು ಅಜ್ಜಿ.

ಲಕ್ಷ್ಮಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು.

“ಯಾವ ನಳಿನಿ?”

“ನಮ್ಮ ಹುಡುಗಿ. ಓದಿದ ಗಂಡ, ದೊಡ್ಡ ಮನೆ. ಅಲ್ಲೂ ಹಿಂಗೇ ಹೊಡೆದ. ಬಿಟ್ಟು ಬಂದು ಗೇದು ತಿಂತಿದ್ಲು, ಒಂದು ಗಿಡ ಸಾಕ್ಕಂಡು ನೆಮ್ಮದಿಯಾಗಿದ್ಲು. ನಿಮ್ಮಂಗೇ ದೊಡ್ಡೋರು ಬಂದು ನಯವಾಗಿ ಮಾತಾಡಿ ಕರ್ಕಂಡೋದ್ರು. ಕಾಲಿಗೆ ಬೀಳ್ಸಿದ್ರು. ಸುಖವಾಗವ್ಳೆ ಅಂತ ಹೇಳಿ ಕೈ ತೊಳ್ಕಂಡ್ರು. ಆಮೇಲೆ ಅವಳದ್ದು ಒಂದು ಸುದ್ದಿ ಇಲ್ಲ ದೊಡ್ಡಪ್ಪಾರೆ. ಬದುಕವ್ಳೋ ಸತ್ತವ್ಳೋ, ಯಾರನ್ನ ಕೇಳಾನ? ಒಬ್ಬಳನ್ನ ಹಂಗೆ ಕಳ್ಕಂಡಿದ್ದೀನಿ. ಇನ್ನೊಬ್ಬಳನ್ನ ಕಳ್ಸಲ್ಲ.”

ಹೇಳುತ್ತ ಹೇಳುತ್ತ ಅಜ್ಜಿಯ ಕಣ್ಣಲ್ಲಿ ನೀರು ಬಂತು. ನಟನೆ ಅವಳಿಗೆ ಹುಟ್ಟಿನಿಂದ ಬಾರದು. ದೊಡ್ಡಪ್ಪ ಕಕ್ಕಾಬಿಕ್ಕಿಯಾದರು. “ಪೊಲೀಸ್‌ಗಾದ್ರೂ ಹೇಳ್ಬೇಕಿತ್ತಲ್ಲಮ್ಮ!” ಎಂದರು. ಚಂದ್ರಪ್ಪ ಮಾತ್ರ ಹುಬ್ಬು ಗಂಟಿಕ್ಕಿದ. ಅವನು ಈ ಮನೆಯ ಅಳಿಯ. “ಇವರ ಮನೇಲಿ ಯಾವ ನಳಿನಿನೂ ಇಲ್ಲ ದೊಡ್ಡಪ್ಪ. ನಾನು ಕೇಳೇ ಇಲ್ಲ” ಎಂದ. ದೊಡ್ಡಪ್ಪ ಅಪ್ಪನ ಕಡೆ ತಿರುಗಿದರು. “ಏನಪ್ಪ ಶಿವಣ್ಣ? ನಿಮ್ಮವ್ವ ಹೇಳ್ತಿರೋದು ದಿಟವಾ?”

ಇವರನ್ನು ಬರಹೇಳಿದವನು ಅಪ್ಪನೇ. ದಿನಾ ಗೇಲಿ ಮಾಡಿದವನೂ ಅವನೇ. ಅದು ಕಥೆಪುಸ್ತಕ ಎಂದು ಒಂದು ಮಾತು ಹೇಳಿದ್ದರೆ ಎಲ್ಲರೂ ನಕ್ಕು, ಅಜ್ಜಿಗೆ ಅರಳುಮರಳು ಎಂದು, ಸಂಜೆಯ ಬಸ್ಸಿಗೆ ಅತ್ತೆಯ ಟ್ರಂಕು ಹೊರಡುತ್ತಿತ್ತು. ಅಪ್ಪ ರತ್ನತ್ತೆಯನ್ನು ನೋಡಿದ. ಅವಳು ಆ ಕಾಯನ್ನು ಇನ್ನೂ ಎಡಗಿವಿಗೇ ಹಿಡಿದುಕೊಂಡಿದ್ದಳು.

“ದಿಟ” ಎಂದ ಅಪ್ಪ. “ನಮ್ಮ ಹುಡುಗೀನೇ. ಕಳ್ಸಬಾರ್ದಿತ್ತು, ಕಳ್ಸಿದ್ರು. ನೀವು ಹೊರಡಿ ದೊಡ್ಡಪ್ಪಾರೆ, ರತ್ನ ಇಲ್ಲೇ ಇರ್ತಾಳೆ.”

ಚಂದ್ರಪ್ಪ ಎದ್ದುನಿಂತು ಕೂಗಾಡಿದ. ಹಾಗಿದ್ದರೆ ತಾನು ಇನ್ನೊಂದು ಮದುವೆ ಆಗುತ್ತೇನೆ ಎಂದ. ಅಷ್ಟು ಹೊತ್ತಿನಲ್ಲಿ ರತ್ನತ್ತೆ ಅವನ ಜೊತೆ ಆಡಿದ್ದು ಒಂದೇ ಮಾತು: “ಆಗಿ. ಆದ್ರೆ ನನ್ನ ಕಿವಿ ವಿಷ್ಯ ಅವಳಿಗೆ ಮೊದ್ಲೇ ಹೇಳ್ಬುಟ್ಟು ಆಗಿ.” ದೊಡ್ಡಪ್ಪ ಅವನ ತೋಳು ಹಿಡಿದು ಎಳೆದುಕೊಂಡು ಹೊರಟರು. ಅಂಗಳ ದಾಟುವಾಗ ನಿಂತು, “ಆ ಇನ್ನೊಂದು ಹುಡುಗಿ ಸುದ್ದಿ ಸಿಕ್ಕಿದ್ರೆ ನಂಗೂ ಹೇಳಿ ಕಳ್ಸಮ್ಮ” ಎಂದು ಅಜ್ಜಿಗೆ ಹೇಳಿದರು.

ಮುಂದೆ ಎಲ್ಲವೂ ಹೂವಿನ ಹಾಸಿಗೆಯಾಯಿತು ಎಂದು ನಾನು ಬರೆದರೆ ಆ ಪುಸ್ತಕಕ್ಕೂ ನನಗೂ ವ್ಯತ್ಯಾಸ ಉಳಿಯುವುದಿಲ್ಲ. ನಳಿನಿ ಪುಸ್ತಕದವಳೆಂಬ ವಿಷಯ ಹೊರಬಿದ್ದು ಊರವರು ವರ್ಷಗಟ್ಟಲೆ ಆಡಿಕೊಂಡರು. ಕಾದಂಬರಿ ಓದಿ ಕೆಟ್ಟ ಮನೆ ಎಂದರು. ಮದುವೆಮುಂಜಿಗಳಲ್ಲಿ ಅತ್ತೆಯನ್ನು ಕಂಡು ಕೆಲವರು ಅರಿಶಿನಕುಂಕುಮದ ತಟ್ಟೆಯನ್ನು ಆಚೆಗೆ ದಾಟಿಸಿದರು. ಅವಳು ಕೈ ಚಾಚಿ, ತಾನೇ ಕುಂಕುಮ ತೆಗೆದುಕೊಂಡು ಹಣೆಗಿಟ್ಟುಕೊಂಡು ಕೂತಳು. ಕೆಡುವುದಾದರೆ ಹೀಗೇ ಕೆಡಬೇಕು ಎಂದು ನನ್ನ ಅಭಿಪ್ರಾಯ. ಈಗ ಅಪ್ಪನಿಗೆ ವಯಸ್ಸಾಗಿದೆ, ತೋಟ ಕೊಬ್ಬರಿ ಎಲ್ಲ ಅವಳದೇ ಯಜಮಾನಿಕೆ. ಮಂಡಿಯವರು ಅವಳ ಎದುರು ಎರಡು ಮಾತು ಆಡುವುದಿಲ್ಲ, ಆಡಿದರೂ ಎಡಗಡೆ ನಿಂತು ಆಡಿದ್ದು ಅವಳಿಗೆ ಕೇಳುವುದಿಲ್ಲ. ಅಟ್ಟದ ಮೇಲಿನ ಪುಸ್ತಕವನ್ನು ಯಾರೂ ಇಳಿಸಲಿಲ್ಲ. ಒಮ್ಮೆ ನಾನು ಹತ್ತಿ ನೋಡಿದಾಗ ಇಲಿ ಕಡಿದು, ಕಡೆಯ ಅಧ್ಯಾಯಗಳು ಹಾಸಿಗೆಯಾಗಿದ್ದವು. ಇಲಿಗಳಿಗೂ ಬುದ್ಧಿಯಿದೆ.

ಇಷ್ಟನ್ನೂ ಮಗಳಿಗೆ ಹೇಳಿದೆ. ನಾದಿನಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, ಈ ಸಲ ನಗಲಿಲ್ಲ. ಹಬ್ಬದ ಮಾರನೆಯ ದಿನ ಮಗಳು ಹಟ ಮಾಡಿ ಊರಿಗೆ ಹೊರಡಿಸಿದಳು. ಶನಿವಾರ ರತ್ನತ್ತೆಯ ಜೊತೆ ಸಂಪಿಗೆಗೆ ಹೋದೆವು. ಅಜ್ಜಿ ಹೋಗಿ ಬಹಳ ಕಾಲವಾಯಿತು, ಆ ಅರ್ಚಕರೂ ಇಲ್ಲ. ಒಳಗಿದ್ದವರು ಹೊಸಬರು, ಚಿಕ್ಕ ವಯಸ್ಸು.

“ಯಾರ ಹೆಸರಿನಲ್ಲಮ್ಮ?”

ಅತ್ತೆ ಮನೆಯವರ ಹೆಸರೆಲ್ಲ ಹೇಳಿದಳು. ನನ್ನದು, ನನ್ನ ಮಗಳದು. ಕಡೆಗೆ, “ನಳಿನಿ” ಎಂದಳು.

“ಅವರು ಬಂದಿಲ್ವಾ? ಗಂಡನ ಮನೇಲಿದ್ದಾರಾ?”

ಅತ್ತೆಗೆ ಸರಿಯಾಗಿ ಕೇಳಿಸಲಿಲ್ಲ. ಬಲಗಿವಿಯನ್ನು ಗರ್ಭಗುಡಿಯ ಕಡೆಗೆ ತಿರುಗಿಸಿದಳು. ಅರ್ಚಕರು ಮತ್ತೆ ಕೇಳಿದರು.

“ಇಲ್ಲ ಸ್ವಾಮಿ” ಎಂದಳು ರತ್ನತ್ತೆ. “ಹೋಗಿದ್ಲು. ವಾಪಸ್ ಬಂದ್ಬುಟ್ಲು. ಭಾಳ ವರ್ಷ ಆಯ್ತು.”